ಮುಚ್ಚದ ಕಣ್ಣಿಗೊಂದು ಕನ್ನಡಕ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಬೆಳಗಾದರೆ ಸಾಕು, ಅವನ ಷೆಡ್ಡಿನಿಂದ ಟಣ್ ಟಣ್ ಎಂದು ಸುತ್ತಿಗೆಯ ಸದ್ದು ಶುರುವಾಗುತ್ತಿತ್ತು. ಹಾಗಾಗಿ ದೊಡ್ಡವರಿಗೂ ಚಿಕ್ಕವರಿಗೂ ಅವನು ಟಣ್ಣಣ್ಣ. ಗುದ್ದಿಸಿಕೊಂಡು ನುಗ್ಗಾದ ಕಾರುಗಳ ತಗಡನ್ನು ಬಡಿದು, ತಿದ್ದಿ, ಮೊದಲಿನ ಆಕಾರಕ್ಕೆ ತರುವುದು ಅವನ ಕಸುಬು. ಬಾಗಿಲಿಗೆ ಬಿದ್ದ ಗುಳಿಯನ್ನು ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ ನೋಡುತ್ತಿದ್ದ, ಆಮೇಲೆ ಕಣ್ಣು ತೆರೆದು ಬೆಳಕಿಗೆ ಓರೆಯಾಗಿ ನೋಡುತ್ತಿದ್ದ, ಆಮೇಲೆ ಬಡಿಯುತ್ತಿದ್ದ. ಹೆಂಡತಿ ಸಿದ್ಧ ಉಡುಪಿನ ಅಂಗಡಿಯೊಂದರಲ್ಲಿ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಹೊಲಿದುಕೊಡುತ್ತಿದ್ದಳು. ಸಿಟ್ಟು ಬಂದಾಗ ಅವಳೂ "ಏನ್ರೀ ಟಣ್ಣಣ್ಣನೋರೇ" ಎಂದೇ ಶುರು ಮಾಡುತ್ತಿದ್ದಳು.

ಅವಳಿಗೆ ಸಿಟ್ಟು ಬರುತ್ತಿದ್ದುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ. ಷೆಡ್ಡಿನ ಹಿಂದಿನ ಮೂಲೆಯಲ್ಲಿ ಒಂದು ಕಾರು ಇತ್ತು. ಇಬ್ಬರೇ ಕೂರುವಂಥದ್ದು, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಾದದ್ದು, ಮೇಲೆ ಟಾಪ್ ಇಲ್ಲದ್ದು. ಯಾರೋ ಉಳ್ಳವರು ಅದನ್ನು ಮರಕ್ಕೆ ಗುದ್ದಿ ತಂದು ಬಿಟ್ಟಿದ್ದರು. ಅದರ ಅವಸ್ಥೆ ನೋಡಿ, "ಇದನ್ನ ಸರಿ ಮಾಡೋದಕ್ಕಿಂತ ಗುಜರಿಗೆ ಹಾಕೋದೇ ವಾಸಿ, ಬೇಕಾದ್ರೆ ನೀನೇ ಇಟ್ಕೋ" ಎಂದು ಕಾಗದಪತ್ರ ಕೊಟ್ಟು ಹೋಗಿದ್ದರು. ಮಡಚುವ ಬಟ್ಟೆಯ ಟಾಪು, ಅದರ ಕಂಬಿ, ಯಾವುದೂ ಉಳಿದಿರಲಿಲ್ಲ. ಬೇರೆಯವರ ಕಾರುಗಳ ಕೆಲಸ ಮುಗಿದ ಮೇಲೆ ಟಣ್ಣಣ್ಣ ಅದರ ಮುಂದೆ ಕೂರುತ್ತಿದ್ದ. ವರ್ಷಗಟ್ಟಲೆ ಕೂತ. ಮುಂದಿನ ಮೂತಿಯನ್ನು ಹೊಸ ತಗಡಿನಲ್ಲಿ ಬಡಿದು ಮಾಡಿದ, ಬಾಗಿಲು ಕೂರಿಸಿದ, ಎಂಜಿನ್ನನ್ನು ಗೆಳೆಯನೊಬ್ಬನಿಂದ ಬಿಚ್ಚಿಸಿ ಕಟ್ಟಿಸಿದ. ಮುಂದಿನ ಗಾಜು ಮಾತ್ರ ಸಿಗಲಿಲ್ಲ. ಬೇರೆ ಯಾವುದೋ ಗಾಡಿಯದನ್ನು ಕತ್ತರಿಸಿ ಹಾಕಿದ. ಅದು ಗಿಡ್ಡವಾಯಿತು. ಅವನು ಎತ್ತರದ ಆಳು, ಸೀಟಿನಲ್ಲಿ ಕೂತರೆ ಗಾಜಿನ ಅಂಚು ಅವನ ಮೂಗಿನ ಮಟ್ಟಕ್ಕೆ ಬರುತ್ತಿತ್ತು. "ಇರಲಿ ಬಿಡು, ಗಾಳಿ ಬೇಕು ಅಂತಾನೇ ಅಲ್ವಾ ಇಂಥ ಕಾರು" ಎಂದುಕೊಂಡ.

ಬಣ್ಣ ಹೊಡೆಯುವುದೊಂದು ಬಾಕಿ ಇದ್ದಾಗ ಬಲಗಿವಿಯಲ್ಲಿ ಗುಂಯ್‌ಗುಡುವುದು ಶುರುವಾಯಿತು. ಜನ್ಮವಿಡೀ ತಗಡು ಬಡಿದವನ ಕಿವಿ ಗುಂಯ್‌ಗುಟ್ಟದೆ ಇನ್ನೇನು ಹಾಡು ಹೇಳುತ್ತದೆಯೇ ಎಂದು ಅವನೂ ನಕ್ಕ, ಕೇಳಿದವರೂ ನಕ್ಕರು. ಆ ನಗುವಿನಲ್ಲೇ ಬಹಳ ದಿನ ಹೋದವು. ಆಮೇಲೆ ನಡೆಯುವಾಗ ಓಲಾಡತೊಡಗಿದ. ಕುಡಿದಿದ್ದಾನೆಂದು ಬೀದಿಯಲ್ಲಿ ಗುಸುಗುಸು ಆಯಿತು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದಾಗ ಕಿವಿಯ ನರದ ಮೇಲೆ ಗಂಟು ಬೆಳೆದಿರುವುದು ಕಂಡಿತು. ಕಿವಿಯ ಹಿಂದೆ ಕೊಯ್ದು ಗಂಟು ತೆಗೆದರು. ಜೀವ ಉಳಿಯಿತು. ಬಲಗಿವಿ ಹೋಯಿತು, ಮುಖದ ಬಲಭಾಗ ಪೂರ್ತಿ ಜೋತುಬಿತ್ತು. ಬಾಯಿ ವಾರೆಯಾಯಿತು. ಬಲಗಣ್ಣಿನ ರೆಪ್ಪೆ ತೆರೆದದ್ದು ತೆರೆದೇ ಉಳಿಯಿತು.

ಕಣ್ಣಿನ ಡಾಕ್ಟರಮ್ಮ ಒಳ್ಳೆಯ ಹೆಂಗಸು. ಬಿಡಿಸಿ ಹೇಳಿದರು.

"ನೋಡಿ, ನಿಮ್ಮ ಈ ಕಣ್ಣು ಮುಚ್ಚಲ್ಲ. ನೀರೂ ಬರಲ್ಲ. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ಇದಕ್ಕೆ ನೋವೇ ಗೊತ್ತಾಗಲ್ಲ. ನಮಗೆಲ್ಲ ಕಣ್ಣಿಗೆ ಕಸ ಬಿದ್ರೆ ಚುಚ್ಚತ್ತೆ, ಉಜ್ಕೋತೀವಿ, ತೊಳ್ಕೋತೀವಿ. ನಿಮಗೆ ಕಲ್ಲು ಬಿದ್ರೂ ಗೊತ್ತಾಗಲ್ಲ. ಗಂಟೆಗೊಂದು ಸಲ ಹನಿ ಹಾಕ್ಕೊಳ್ಳಿ, ಕನ್ನಡೀಲಿ ನೋಡ್ಕೊಳ್ಳಿ, ಮಲಗುವಾಗ ಪಟ್ಟಿ ಅಂಟಿಸಿ. ಗಾಳಿ, ಧೂಳು ತಾಗಲೇಬಾರದು."

"ನರ ಮತ್ತೆ ಚಿಗುರಲ್ವಾ ಡಾಕ್ಟರಮ್ಮಾ?" ಎಂದು ಹೆಂಡತಿ ಕೇಳಿದಳು.

ಅವರು ಚೀಟಿ ಬರೆಯುತ್ತಾ, "ಚಿಗುರೋದಾಗಿದ್ರೆ ಇಷ್ಟು ಹೊತ್ತಿಗೆ ಚಿಗುರಬೇಕಿತ್ತಮ್ಮ" ಎಂದರು.

ಮನೆಗೆ ಬಂದ ಮೇಲೆ ಟಣ್ಣಣ್ಣ ಆ ಮಾತನ್ನೆಲ್ಲ ತನಗೆ ಬೇಕಾದಂತೆ ಬಡಿದು ತಿದ್ದಿಕೊಂಡ. ಗಾಳಿ ತಾಗಬಾರದು ಅಂದಿದ್ದಾರೆ, ಕಾರು ಓಡಿಸಬಾರದು ಅಂದಿಲ್ಲ. ಹಾಗಾದರೆ ಗಾಳಿ ತಾಗದ ಹಾಗೆ ತಲೆಗೆ, ಕಣ್ಣಿಗೆ ಏನಾದರೂ ಹಾಕಿಕೊಂಡರಾಯಿತು. ಇಷ್ಟೇ ತಾನೇ? ಹೆಂಡತಿಯ ತಮ್ಮ, ಪಕ್ಕದ ಬೀದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದವನು, "ಭಾವಾ, ಸುಮ್ನೆ ಮೇಲೆ ಒಂದು ತಗಡಿನ ಟಾಪ್ ಹೊಡೆದು ಬಿಡಿ. ನಿಮ್ಮ ಕೈಲಾಗದ್ದಾ?" ಎಂದ.

"ಹೊಡೆದ್ರೆ ಅದು ಡಬ್ಬ ಆಗತ್ತೆ. ಡಬ್ಬಗಳನ್ನ ದಿನಾ ನೋಡ್ತೀನಲ್ಲ" ಎಂದ ಟಣ್ಣಣ್ಣ. ವಾರೆಬಾಯಿಯಿಂದ ಮಾತು ತೊದಲಾಗಿ ಬರುತ್ತಿತ್ತು. 

ಹುಡುಕಾಟ ಶುರುವಾಯಿತು. ಮೊದಲು ತಂದದ್ದು ಮುಂದೆ ಅಂಚಿರುವ ಮಾಮೂಲಿ ಬಟ್ಟೆಯ ಟೋಪಿ. ಷೆಡ್ಡಿನಿಂದ ಬೀದಿಯ ತಿರುವಿನವರೆಗೆ ಕಾರು ಓಡಿಸಿದ್ದೇ ತಡ, ಗಾಳಿ ಆ ಅಂಚಿನ ಕೆಳಗೆ ಕೈ ಹಾಕಿ ಎತ್ತಿ ಎಸೆಯಿತು. ಟೋಪಿ ಹೋಗಿ ಚರಂಡಿಗೆ ಬಿತ್ತು. ಆಮೇಲೆ ಉಣ್ಣೆಯ ಕುಲಾವಿ. ಅದು ತಲೆ ಬಿಟ್ಟು ಕದಲಲಿಲ್ಲ, ಆದರೆ ಕೇಳಿಸುವ ಎಡಗಿವಿಯನ್ನೂ ಮುಚ್ಚಿಬಿಟ್ಟಿತು. ಹಿಂದಿನಿಂದ ಬಂದ ಲಾರಿಯವನು ಎಷ್ಟು ಹಾರ್ನ್ ಹೊಡೆದನೋ, ಪಕ್ಕಕ್ಕೆ ಬಂದು ಕಿಟಕಿಯಿಂದ ತಲೆ ಹೊರಹಾಕಿ ಅವನ ವಂಶವನ್ನೆಲ್ಲ ಎತ್ತಿ ಬೈದು ಹೋದ ಮೇಲೆಯೇ ಟಣ್ಣಣ್ಣನಿಗೆ ತಿಳಿದದ್ದು. ಮೈದುನ ತನ್ನ ಬೈಕಿನ ಹೆಲ್ಮೆಟ್ ಕೊಟ್ಟ. ಪೂರ್ತಿ ಮುಖ ಮುಚ್ಚುವಂಥದ್ದು, ಮುಂದೆ ಗಾಜು ಇಳಿಸಿದರೆ ಗಾಳಿಯ ಸುಳಿವಿಲ್ಲ. ಅದನ್ನು ಕಂಡು ಹೆಂಡತಿಗೆ ಜೀವ ಬಂದಂತಾಯಿತು. ಆದರೆ ಒಳಗಿನ ಮೆತ್ತೆ ಕಿವಿಯ ಹಿಂದಿನ ಕೊಯ್ದ ಜಾಗವನ್ನು ಒತ್ತುತ್ತಿದ್ದಂತೆ ತಲೆ ಗಿರ್ರನೆ ತಿರುಗಿತು. ಕಾರು ಹತ್ತುವುದಿರಲಿ, ಬಾಗಿಲು ಹಿಡಿದುಕೊಂಡೇ ಕುಸಿದು ಕೂತ.

"ಬೇರೆಯವರಿಗೆ ಟೋಪಿ ಹಾಕೋರನ್ನ ಊರ ತುಂಬ ನೋಡಿದೀನಿ," ಎಂದಳು ಹೆಂಡತಿ ಅವನ ಮುಖಕ್ಕೆ ನೀರು ಚಿಮುಕಿಸುತ್ತಾ, "ತನಗೆ ತಾನೇ ಟೋಪಿ ಹಾಕ್ಕೊಳ್ಳೋರನ್ನ ನಿಮ್ಮೊಬ್ಬರನ್ನೇ ನೋಡಿದ್ದು."

ಅವನಿಗೆ ನಗು ಬಂತು. ನಕ್ಕರೆ ಮುಖದ ಎಡಭಾಗ ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಅದನ್ನು ಕಂಡಾಗಲೆಲ್ಲ ಅವಳು ಬೇರೆಡೆ ನೋಡುತ್ತಿದ್ದಳು. ಅವತ್ತೂ ಹಾಗೆಯೇ ಮಾಡಿದಳು. ಆದರೆ ಮಾರನೆಯ ದಿನ ಅಂಗಡಿಯಿಂದ ಬರುವಾಗ ಮೆತ್ತನೆಯ ಚರ್ಮದ ತುಂಡುಗಳನ್ನು ಕೇಳಿ ತಂದಳು. ಅವನ ತಲೆಗೆ ಟೇಪು ಸುತ್ತಿ ಅಳತೆ ತೆಗೆದಳು. ತಲೆಗೆ ಅಂಟಿ ಕೂರುವಂಥ ಟೋಪಿ ಹೊಲಿದಳು. ಅಂಚಿಲ್ಲ. ಬಲಗಡೆ ಕಿವಿಯನ್ನೂ ಗಾಯವನ್ನೂ ಮುಚ್ಚುವ ಉದ್ದನೆಯ ಪಟ್ಟಿ, ಅದಕ್ಕೆ ಒಳಗಿನಿಂದ ಹತ್ತಿಬಟ್ಟೆ. ಎಡಗಡೆ ಕಿವಿಯ ಜಾಗದಲ್ಲಿ ತೂತು. ಗದ್ದದ ಕೆಳಗೆ ಕಟ್ಟಲು ಅಗಲವಾದ ಲಾಡಿ, ಏಕೆಂದರೆ ಸಣ್ಣ ದಾರ ಕೊಯ್ದರೂ ಬಲಗೆನ್ನೆಗೆ ತಿಳಿಯುವುದಿಲ್ಲ. ಹಾಕಿಕೊಂಡು ಕನ್ನಡಿ ನೋಡಿದ. ಒಂದು ಕಿವಿ ಒಳಗೆ, ಒಂದು ಕಿವಿ ಹೊರಗೆ.

"ಹೇಗಿದೆ?"

"ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡೋ ಚಾಳಿ ಇನ್ಮೇಲೆ ನಡೆಯಲ್ಲ. ಕೇಳಿದ್ದೆಲ್ಲ ಒಳಗೇ ಇರಬೇಕು."

ಟೋಪಿಯ ಸಮಸ್ಯೆ ಹೀಗೆ ಬಗೆಹರಿಯಿತು. ಕಣ್ಣಿನದು ಬಗೆಹರಿಯಲಿಲ್ಲ. ಮೊದಲು ದೊಡ್ಡ ಕಪ್ಪು ಕನ್ನಡಕ ಹಾಕಿ ನೋಡಿದ್ದ. ಆ ಕಾರಿನಲ್ಲಿ ಗಾಳಿ ಮುಂದಿನಿಂದಷ್ಟೇ ಬರುವುದಿಲ್ಲ. ಗಿಡ್ಡ ಗಾಜಿನ ಮೇಲಿಂದ ಹಾರಿ, ಸೀಟಿನ ಹಿಂದೆ ಬಿದ್ದು, ಅಲ್ಲಿಂದ ಸುತ್ತಿ ಕೆನ್ನೆಯ ಪಕ್ಕದಿಂದ ಕನ್ನಡಕದೊಳಗೆ ನುಗ್ಗುತ್ತದೆ. ಈಜುವವರ ಕನ್ನಡಕ ತಂದ. ಅದು ಗಾಳಿಯನ್ನೇನೋ ತಡೆಯಿತು, ಆದರೆ ಕಾಲು ಮೈಲಿ ಹೋಗುವಷ್ಟರಲ್ಲಿ ಒಳಗೆಲ್ಲ ಹಬೆ ಕಟ್ಟಿ ರಸ್ತೆಯೇ ಮಾಯವಾಯಿತು. ಬೆಸುಗೆಯವರ ಕನ್ನಡಕದಲ್ಲಿ ಹಗಲೇ ಕಗ್ಗತ್ತಲು.

ಕನ್ನಡಕದಂಗಡಿಯ ಯಜಮಾನ ತಾಳ್ಮೆಯ ಮನುಷ್ಯ. ಇದ್ದಬದ್ದ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಕೊನೆಗೆ ಬೈಕ್ ರೇಸಿನವರು ಹಾಕುವ ಒಂದು ಗಾಗಲ್ಸ್ ತೆಗೆದ. ಅಗಲವಾದ ಒಂದೇ ಗಾಜು, ಹಬೆ ಹಿಡಿಯದ್ದು, ಸುತ್ತಲೂ ಸ್ಪಂಜಿನ ಅಂಚು, ತಲೆಯ ಹಿಂದಕ್ಕೆ ರಬ್ಬರ್ ಪಟ್ಟಿ. ಟಣ್ಣಣ್ಣ ಹಾಕಿಕೊಂಡ. ಎಡಗಡೆ ಅಚ್ಚು ಹೊಯ್ದಂತೆ ಕೂತಿತು. ಬಲಗೆನ್ನೆ ಜೋತುಬಿದ್ದಿತ್ತಲ್ಲ, ಅಲ್ಲಿ ಬೆರಳು ತೂರುವಷ್ಟು ಸಂದು.

ಯಜಮಾನ ಬಗ್ಗಿ ಆ ಸಂದನ್ನೇ ನೋಡಿದ. "ಕನ್ನಡಕ ಮಾಡೋರು ಎರಡೂ ಕಡೆ ಒಂದೇ ಥರ ಇರೋ ಮುಖ ನೋಡಿ ಮಾಡ್ತಾರೆ" ಎಂದ. ಹೇಳಿದ ಮೇಲೆ ಹೇಳಬಾರದಿತ್ತೆನಿಸಿ ಗಾಜು ಒರೆಸತೊಡಗಿದ.

"ತಪ್ಪೇನಿಲ್ಲ ಬಿಡಿ," ಎಂದ ಟಣ್ಣಣ್ಣ. "ಗುದ್ದಿದ ಗಾಡಿಗೆ ಹೊಸ ಬಾಗಿಲು ತಂದ್ರೂ ಹೀಗೇ. ತುಂಬಿಸ್ಬೇಕು."

ತುಂಬಿಸುವ ಕೆಲಸವೂ ಹೆಂಡತಿಯ ಪಾಲಿಗೇ ಬಂತು. ದಪ್ಪ ಸ್ಪಂಜನ್ನು ಅರ್ಧಚಂದ್ರದಂತೆ ಕತ್ತರಿಸಿ ಗಾಗಲ್ಸಿನ ಬಲಗಡೆಗೆ ಹೊಲಿದಳು. ಹಾಕಿ ನೋಡಿ, ಬಿಚ್ಚಿ, ಮತ್ತೆ ಕತ್ತರಿಸಿ ಹೊಲಿದಳು. ಕೊನೆಗೊಂದು ದಿನ ಷೆಡ್ಡಿನಲ್ಲಿದ್ದ ಗಾಳಿಯ ಪೈಪನ್ನು ಅವನೇ ತನ್ನ ಮುಖಕ್ಕೆ ಹಿಡಿದುಕೊಂಡು ಒಳಗೊಂದು ಹತ್ತಿಯ ಎಳೆ ಇಟ್ಟು ನೋಡಿದ. ಎಳೆ ಅಲುಗಲಿಲ್ಲ. ಗಂಡಹೆಂಡಿರಿಬ್ಬರೂ ಪರೀಕ್ಷೆ ಪಾಸಾದವರಂತೆ ಮುಖ ಮುಖ ನೋಡಿಕೊಂಡರು.

ಅಷ್ಟರಲ್ಲಿ ಕಾರಿಗೆ ಬಣ್ಣವೂ ಆಗಿತ್ತು. ಹೊರಟದ್ದು ರಜದ ದಿನ ಬೆಳಿಗ್ಗೆ. ಕೆರೆಯ ಏರಿಯ ಪಕ್ಕದಲ್ಲಿ ಊರಾಚೆ ಹೋಗುವ ರಸ್ತೆ ಉದ್ದಕ್ಕೂ ನೆಟ್ಟಗಿತ್ತು. ಹೆಂಡತಿ ತಲೆಗೆ ಬಟ್ಟೆ ಬಿಗಿದು, ಮದುವೆಯ ಹೊಸತರಲ್ಲಿ ಕೊಂಡ ತಂಪು ಕನ್ನಡಕ ಹಾಕಿಕೊಂಡಿದ್ದಳು. ನಡುವಯಸ್ಸು ದಾಟಿದ ಮೇಲೆ ಇದೇನು ವೇಷ ಎಂದು ಷೆಡ್ಡಿನ ಬಾಗಿಲಲ್ಲಿ ನಾಚಿಕೊಂಡಿದ್ದವಳು, ಏರಿ ಹತ್ತಿದ ಮೇಲೆ ಬಾಯಿಬಿಟ್ಟು ಕೂಗಿದಳು. ಏನು ಕೂಗಿದಳೋ ಗಾಳಿ ಹೊತ್ತೊಯ್ದಿತು. ಅವನ ಎಡಕ್ಕೇ ಕೂತಿದ್ದರೂ ಅವನಿಗೆ ಕೇಳಿಸಲಿಲ್ಲ. ಎಡಗೆನ್ನೆಗೆ ಗಾಳಿ ಬಡಿಯುತ್ತಿತ್ತು. ಬಲಗೆನ್ನೆ ಇದೆಯೋ ಇಲ್ಲವೋ ಎಂಬಂತಿತ್ತು. ಪರವಾಗಿಲ್ಲ ಎಂದುಕೊಂಡ. ಕಾಲಡಿಯ ತಗಡು ಅದುರುವುದು, ತಾನು ಬಡಿದ ಮೂತಿ ಮುಂದೆ ಬೆಳಕಿಗೆ ಹೊಳೆಯುವುದು, ಅದು ಸಾಕಿತ್ತು. ಇನ್ನೂ ಮುಂದಕ್ಕೆ ಹೋದರು, ಇನ್ನೂ ಮುಂದಕ್ಕೆ. ಚಹಾ ಕುಡಿಯಲು ನಿಲ್ಲಿಸಿದಾಗ ಅವಳು ಹನಿಯ ಶೀಸೆ ತೆಗೆದಳು.

"ಬಿಚ್ಚಿ, ಹಾಕ್ತೀನಿ."

"ಬಿಚ್ಚಿದ್ರೆ ಮತ್ತೆ ಹೀಗೆ ಕೂರಿಸೋಕೆ ಅರ್ಧ ದಿನ ಬೇಕು ಕಣೇ. ಎಷ್ಟು ಚೆನ್ನಾಗಿ ಕೂತಿದೆ ನೋಡು. ಮನೆಗೆ ಹೋದ್ಮೇಲೆ ಹಾಕುವಿಯಂತೆ."

"ಡಾಕ್ಟರಮ್ಮ ಗಂಟೆಗೊಂದ್ಸಲ ಅಂದಿದ್ರು."

"ಅದು ಗಾಳಿ ತಾಗೋ ಕಣ್ಣಿಗೆ. ಇದಕ್ಕೆಲ್ಲಿ ತಾಗತ್ತೆ?"

ಅವಳು ಶೀಸೆ ಒಳಗಿಟ್ಟಳು. ಎಷ್ಟೋ ಕಾಲದ ಮೇಲೆ ಗಂಡನ ಮುಖದಲ್ಲಿ ಗೆಲುವು ಕಂಡಿದ್ದಳು. ಅದನ್ನು ಕೆಡಿಸುವುದು ಬೇಡವೆನಿಸಿತು.

ಮನೆ ಸೇರಿದಾಗ ಮಧ್ಯಾಹ್ನ ಇಳಿದಿತ್ತು. ಅಂಗಳದಲ್ಲೇ ನಿಂತು ಗಾಗಲ್ಸ್ ಬಿಚ್ಚಿದ. ಎದುರಿಗಿದ್ದ ಹೆಂಡತಿ ಉಸಿರೆಳೆದುಕೊಂಡು ಬಾಯಿಗೆ ಕೈ ಒತ್ತಿಕೊಂಡಳು. ಕಣ್ಣು ಕೆಂಡವಾಗಿತ್ತು. ಅವನಿಗೆ ಮಾತ್ರ ಏನೂ ಅನಿಸುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡಾಗಲೂ ಅದು ಯಾರದೋ ಕಣ್ಣೆಂಬಂತಿತ್ತು.

ಡಾಕ್ಟರಮ್ಮ ದೀಪ ಹಿಡಿದು ನೋಡಿ, ರೆಪ್ಪೆ ಮಡಚಿ, ಸಾಸಿವೆಯಲ್ಲಿ ಅರ್ಧವೂ ಇಲ್ಲದ ಒಂದು ಹರಳನ್ನು ತೆಗೆದು ಹತ್ತಿಯ ಮೇಲೆ ಇಟ್ಟರು. ಮರಳೋ, ತಗಡಿನ ಚೂರೋ. ಹಾಕಿಕೊಳ್ಳುವಾಗಲೇ ಒಳಗಿತ್ತು. ಗಾಳಿ ಒಳಬರದ ಹಾಗೆ ಮುಚ್ಚಿದ ಗಾಗಲ್ಸು ಅದನ್ನು ಹೊರಕ್ಕೂ ಬಿಡಲಿಲ್ಲ. ಸ್ಪಂಜು ಒತ್ತಿ ಹಿಡಿದಿದ್ದ ರೆಪ್ಪೆಯಡಿ ಕೂತು, ಕಾರು ಅದುರಿದಷ್ಟು ಸಲವೂ ಕಣ್ಣಿನ ಮೇಲೆ ಉಜ್ಜಿತ್ತು. ಯಾರಿಗಾದರೂ ಆಗಿದ್ದರೆ ಷೆಡ್ಡಿನ ಬಾಗಿಲು ದಾಟುವ ಮೊದಲೇ ಅಯ್ಯೋ ಎಂದು ಕಿತ್ತೆಸೆಯುತ್ತಿದ್ದರು.

ಗಾಯ ಹುಣ್ಣಾಯಿತು. ಔಷಧಿ ಹಾಕಿದರು, ಬದಲಾಯಿಸಿದರು, ಇನ್ನೂ ಜೋರಿನದು ಹಾಕಿದರು. ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿಯ ಪೊರೆ ಬೆಳೆಯಿತು. ಮೊದಲು ಮಸುಕು, ಆಮೇಲೆ ಬರೀ ಬೆಳಕು, ಆಮೇಲೆ ಬೆಳಕೂ ಇಲ್ಲ. ಕೊನೆಗೆ ಮೇಲಿನ ರೆಪ್ಪೆಯನ್ನೂ ಕೆಳಗಿನ ರೆಪ್ಪೆಯನ್ನೂ ಸೇರಿಸಿ ಹೊಲಿದುಬಿಟ್ಟರು. ಅಷ್ಟು ದಿನ ಮುಚ್ಚದ ಕಣ್ಣು ಮುಚ್ಚಿತು.

ಆಸ್ಪತ್ರೆಯಿಂದ ಬಂದ ಮೇಲೆ ಹೆಂಡತಿ ಕೆಲವು ದಿನ ಹೊಲಿಗೆ ಯಂತ್ರದ ಹತ್ತಿರ ಹೋಗಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅವನಿಗೆ ಬೆನ್ನು ಮಾಡಿಯೇ ಅಂದಳು, "ಸ್ಪಂಜನ್ನ ಒಂದ್ಸಲ ಕೊಡವಿ ಹೊಲೀಬೇಕಿತ್ತು ನಾನು."

"ಷೆಡ್ಡಿನ ತುಂಬ ಇರೋದೇ ಅದು. ನನ್ನ ಕೈಯಿಂದಾನೇ ಹೋಗಿರತ್ತೆ."

"ಇರಬಹುದು" ಎಂದಳು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತದಿದ್ದರೂ ಅದು ಮನೆಯಲ್ಲೇ ಇತ್ತು, ಊಟಕ್ಕೆ ಕೂತಾಗ ಇಬ್ಬರ ನಡುವೆ ಬಂದು ಕೂರುತ್ತಿತ್ತು.

ಒಂದು ಕಣ್ಣಿನವನಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಅಂಗೈ ಇನ್ನೂ ಗುಳಿಯನ್ನು ಗುರುತಿಸುತ್ತಿತ್ತು, ಸುತ್ತಿಗೆ ಮಾತ್ರ ಅದರ ಪಕ್ಕಕ್ಕೆ ಬೀಳುತ್ತಿತ್ತು. ತಗಡು ನೆಟ್ಟಗಾಗುವ ಬದಲು ಅಲೆ ಅಲೆಯಾಗುತ್ತಿತ್ತು. ಹಳೆಯ ಗಿರಾಕಿಗಳು ಏನೂ ಅನ್ನದೆ ಗಾಡಿ ತೆಗೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಸುತ್ತಿಗೆ ಹೆಬ್ಬೆರಳಿನ ಮೇಲೆ ಬಿದ್ದು ಉಗುರು ಹೋದ ದಿನ ಮೈದುನ ಬಂದು ಸುತ್ತಿಗೆಯನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. "ಸ್ವಲ್ಪ ದಿನ ಸುಮ್ನಿರಿ ಭಾವಾ."  ಷೆಡ್ಡಿನ ಮುಂಭಾಗದಲ್ಲಿ ಮೈದುನನ ಟೈರುಗಳು ಬಂದು ಕೂತವು. ಸದ್ದು ನಿಂತ ಮೇಲೂ ಬೀದಿಯವರು ಟಣ್ಣಣ್ಣ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಂದ ಬಾಡಿಗೆಯವರಿಗೆ ಆ ಹೆಸರು ಯಾಕೆಂದು ಗೊತ್ತಾಗುತ್ತಿರಲಿಲ್ಲ.

ಹೆಂಡತಿ ಯಾರಿಗೂ ಹೇಳದೆ ಡ್ರೈವಿಂಗ್ ಕಲಿಯಲು ಹೋದಳು. ಮೊದಲ ಪರೀಕ್ಷೆಯಲ್ಲಿ ಫೇಲಾಗಿ, ಎರಡನೆಯದರಲ್ಲಿ ಪಾಸಾಗಿ, ಲೈಸೆನ್ಸ್ ಕೈಗೆ ಬಂದ ಮೇಲೆ ಅವನ ಮುಂದೆ ಇಟ್ಟಳು. "ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ನಾನು ಕರ್ಕೊಂಡು ಹೋಗ್ತೀನಿ."

ಅವನು ಬೇಡ ಎನ್ನಲಿಲ್ಲ. ಮತ್ತೆ ಟೋಪಿ, ಮತ್ತೆ ಕನ್ನಡಕದ ಮಾತು ಬಂತು. ಈಗ ಕಾಪಾಡಬೇಕಾದದ್ದು ಎಡಗಣ್ಣು. ಅದು ಆರೋಗ್ಯವಾಗಿತ್ತು, ಮುಚ್ಚುತ್ತಿತ್ತು, ನೋಯುತ್ತಿತ್ತು. ಆದರೆ ಡಾಕ್ಟರಮ್ಮ ಎರಡೇ ಪದ ಹೇಳಿದ್ದರು: "ಇರೋದು ಒಂದೇ." ಕನ್ನಡಕದಂಗಡಿಯ ಯಜಮಾನ ಒಡೆಯದ ಗಾಜಿನದು ಕೊಟ್ಟ. ಹೆಂಡತಿ ಅದನ್ನು ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಬೆಳ್ಳನೆಯ ಬಟ್ಟೆಯಲ್ಲಿ ಸುತ್ತಿಟ್ಟು, ಹೊರಡುವಾಗ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ ಹಾಕಿದಳು. ಚರ್ಮದ ಟೋಪಿಯ ಲಾಡಿಯನ್ನು ಬಿಚ್ಚಿ ಎರಡು ಸಲ ಕಟ್ಟಿದಳು.

ಕೆರೆಯ ಏರಿ ಹತ್ತಿದರು. ಅವಳು ಸೈಕಲ್ಲಿನ ವೇಗದಲ್ಲಿ ಓಡಿಸುತ್ತಿದ್ದಳು. "ಸ್ವಲ್ಪ ಜೋರಾಗಿ ಬಿಡು" ಎಂದ. ಅವಳು ಬಿಟ್ಟಳು. ಕಾರು ಎದ್ದು ಓಡಿತು, ಗಾಳಿ ಬಂತು. ಅದರ ಜೊತೆಗೆ, ಎಂದೂ ಕಾರಿನಲ್ಲಿ ಹೆದರದಿದ್ದವನಿಗೆ ಹೆದರಿಕೆ ಬಂತು. ಎದುರಿನ ಲಾರಿ ದೂರದಲ್ಲಿದೆಯೋ, ಮೂಗಿನ ಮುಂದಿದೆಯೋ ತಿಳಿಯುತ್ತಿಲ್ಲ. ಹಾರ್ನ್ ಯಾವ ಕಡೆಯಿಂದ ಬಂತೋ ತಿಳಿಯುತ್ತಿಲ್ಲ. ಹಾರಿ ಬಂದ ಒಂದು ಒಣ ಎಲೆಗೆ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ. ಕನ್ನಡಕ ಹಾಕಿದ್ದೇನೆಂಬುದು ಆ ಕ್ಷಣ ಮರೆತೇ ಹೋಗಿತ್ತು.

"ನಿಲ್ಲಿಸು."

"ಯಾಕ್ರೀ? ಈಗಿನ್ನೂ ಬಂದ್ವಿ."

"ನಿಲ್ಸು ಕಣೇ."

ಅವಳು ಏರಿಯ ಬದಿಗೆ ನಿಲ್ಲಿಸಿದಳು. ಅವನ ಕೈ ಬಾಗಿಲ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅವನೇ ಬಡಿದು ಕೂರಿಸಿದ ಬಾಗಿಲು. ಅವಳು ಆ ಕೈಯನ್ನು ನೋಡಿದಳು, ಮುಖವನ್ನು ನೋಡಲಿಲ್ಲ. ಎಂಜಿನ್ ಆರಿಸಿದ ಮೇಲೆ ನೀರಿನ ಸದ್ದು ಕೇಳಿತು. ಅವನಿಗೆ ಅದು ಕೇಳಿಸಿತೋ ಇಲ್ಲವೋ.

"ಮನೆಗೆ ಹೋಗೋಣ" ಎಂದ. "ಮೆಲ್ಲಗೆ ಬಿಡು."

ಕಾರು ಮಾರಾಟವಾಯಿತು. ಕೊಂಡವರು ಹಲ್ಲಿನ ಡಾಕ್ಟರು, ಎಳೆಯ ಜೋಡಿ. ಗಂಡ ಹಿಮ್ಮುಖವಾಗಿ ಟೋಪಿ ಹಾಕಿದ್ದ, ಹೆಂಡತಿ ಕನ್ನಡಕವನ್ನು ಕೂದಲ ಮೇಲಕ್ಕೆ ಏರಿಸಿಕೊಂಡಿದ್ದಳು. ಕಾರಿನ ಸುತ್ತ ಸುತ್ತಿದರು, ಫೋಟೋ ತೆಗೆದುಕೊಂಡರು, ತಗಡಿನಲ್ಲಿ ಒಂದು ಗೆರೆಯೂ ಕಾಣುವುದಿಲ್ಲವಲ್ಲ ಎಂದು ಬೆರಗಾದರು. ಹೊರಡುವಾಗ ಟಣ್ಣಣ್ಣ ಬಾಗಿಲ ಹತ್ತಿರ ಬಂದ.

"ಮುಂದಿನ ಗಾಜು ಗಿಡ್ಡ ಇದೆ. ಗಾಳಿ ಹಿಂದಿನಿಂದ ಸುತ್ತಿ ಬರತ್ತೆ. ಈ ಕನ್ನಡಕ ಸಾಲಲ್ಲ. ಅಂಚು ಮುಚ್ಚಿರೋದು ತಗೊಳ್ಳಿ. ಹಾಕ್ಕೊಳ್ಳೋ ಮುಂಚೆ ಒಳಗೆ..."

ಅವನ ತೊದಲು ಮಾತು ಆ ಹುಡುಗನಿಗೆ ಅರ್ಧ ತಿಳಿಯಲಿಲ್ಲ. "ಗಾಳಿಗೋಸ್ಕರಾನೇ ಅಲ್ವಾ ಅಂಕಲ್ ಈ ಕಾರು!" ಎಂದು ನಕ್ಕು ಕೀಲಿ ತಿರುಗಿಸಿದ. ಹುಡುಗಿ ಕೈ ಬೀಸಿದಳು. ಕಾರು ಬೀದಿಯ ತಿರುವು ದಾಟಿತು. ಹೆಂಡತಿ ಅವನ ಎಡಗಡೆ ನಿಂತಿದ್ದಳು, ಏನಾದರೂ ಹೇಳುವುದಿದ್ದರೆ ಕೇಳಿಸಲಿ ಎಂದು. 

ಈಗ ಅವನು ಮೈದುನನ ಅಂಗಡಿಯಲ್ಲಿ ಕೂರುತ್ತಾನೆ. ಟೈರಿಗೆ ಗಾಳಿ ತುಂಬಿಸುವ ಪೈಪನ್ನು ಎತ್ತಿಕೊಡುತ್ತಾನೆ, ಬೀಗ ಹಾಕುವಾಗ ಬಾಗಿಲು ಹಿಡಿದುಕೊಳ್ಳುತ್ತಾನೆ. ಸಂಜೆ ಹೆಂಡತಿ ಅಂಗಡಿಯ ಕೆಲಸ ಮುಗಿಸಿ ಆ ದಾರಿಯಲ್ಲೇ ಬರುತ್ತಾಳೆ, ಇಬ್ಬರೂ ಜೊತೆಯಾಗಿ ನಡೆದು ಮನೆಗೆ ಹೋಗುತ್ತಾರೆ. ಮೊನ್ನೆ ಹಾಗೆ ಹೋಗುವಾಗ ಬೀದಿಯ ತುದಿಯಿಂದ ಗಾಳಿ ಎದ್ದಿತು. ಕಾಗದ, ಧೂಳು, ಕಸ ಎಲ್ಲವೂ ಮೇಲೆದ್ದು ಬರುತ್ತಿದ್ದುದು ಕಂಡಿತು. ಅವಳು ತೋಳು ಹಿಡಿಯುವ ಮೊದಲೇ ಅವನು ತಿರುಗಿ ಮುಚ್ಚಿದ ಅಂಗಡಿಯೊಂದರ ಗೋಡೆಗೆ ಮುಖ ಮಾಡಿ ನಿಂತ, ಹಣೆ ಗೋಡೆಗೆ ತಾಗುವಷ್ಟು ಹತ್ತಿರ. ಅವಳು ಗಾಳಿಯ ಕಡೆಗೆ ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಅವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನಿಂತಳು. ದಾರಿಹೋಕರೊಬ್ಬರು ತಿರುಗಿ ನೋಡಿದರು.

"ಹೋಯ್ತಾ?" ಎಂದು ಅವನು ಗೋಡೆಯನ್ನು ಕೇಳಿದ.

"ಇನ್ನೂ ಇದೆ. ನಿಂತಿರಿ" ಎಂದಳು ಅವಳು, ಅವನ ಎಡಗಿವಿಗೆ ಕೇಳುವಷ್ಟು ಜೋರಾಗಿ.